ಕಲುಷಿತ ನೀರಿನಿಂದ ಸೀಸಿಯಂ ತೆಗೆಯಲು ಜೇಡಿಮಣ್ಣು: ವಿಧಾನ ಹೇಗೆ?

ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ 2011ರ ಮಾರ್ಚ್‌ನಲ್ಲಿ ದುರಂತ ಸಂಭವಿಸಿದ ನಂತರ ಸುತ್ತಲಿನ ಹೊಲಗಳ ಮೇಲೆ ಬಿದ್ದ ಸೀಸಿಯಂ-137 ಎಂಬ ವಿಕಿರಣಶೀಲ ಲೋಹ, ಮಳೆ ಸುರಿದರೂ ಆಳಕ್ಕಿಳಿಯದೆ ಬಹುಪಾಲು ಮೇಲಿನ 5 ಸೆಂಟಿಮೀಟರ್ ಮಣ್ಣಿನಲ್ಲಿಯೇ ಉಳಿಯಿತು. ಅದನ್ನು ಹಿಡಿದಿಟ್ಟದ್ದು ಆ ಮಣ್ಣಿನ ಜೇಡಿ ಕಣಗಳು. ಈ ಗುಣವನ್ನೇ ಬಳಸಿ ನೀರನ್ನು ಶುದ್ಧೀಕರಿಸಬಹುದು. ಆದರೆ ಇದು ಪರವಾನಗಿ ಪಡೆದ ಪ್ರಯೋಗಾಲಯ ಮತ್ತು ಸ್ಥಾವರಗಳ ಕೆಲಸವೇ ಹೊರತು ಮನೆಯಲ್ಲಿ ಮಾಡುವಂಥದ್ದಲ್ಲ.

ಮೊದಲು ನೀರಿನಲ್ಲಿ ಯಾವ ಲೋಹ ಎಷ್ಟಿದೆ, ಜೊತೆಗೆ ಯಾವ ಲವಣಗಳಿವೆ ಎಂದು ಪರೀಕ್ಷಿಸಬೇಕು. ಮಣ್ಣಿನ ಆಯ್ಕೆ ನಿಂತಿರುವುದು ಇದರ ಮೇಲೆ. ಜೇಡಿಮಣ್ಣಿನ ತೆಳು ಪದರಗಳು ಋಣ ವಿದ್ಯುದಾವೇಶ ಹೊಂದಿರುವುದರಿಂದ ಧನ ಆವೇಶದ ಲೋಹದ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಪರಮಾಣುಗಳನ್ನು) ಸೆಳೆಯುತ್ತವೆ. ಸೀಸಿಯಂ ತನ್ನನ್ನು ಸುತ್ತುವರಿದ ನೀರಿನ ಅಣುಗಳನ್ನು ಸುಲಭವಾಗಿ ಕಳಚಿಕೊಂಡು, ಇಲೈಟ್ ಅಥವಾ ವರ್ಮಿಕ್ಯುಲೈಟ್ ಎಂಬ ಜೇಡಿ ಖನಿಜಗಳ ಪದರಗಳ ನಡುವಿನ ಕುಳಿಗಳಲ್ಲಿ ಅಳತೆ ಮಾಡಿಟ್ಟಂತೆ ಕೂರುತ್ತದೆ. ಪದರಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಇನ್ನೊಂದು ವಿಕಿರಣಶೀಲ ಲೋಹವಾದ ಸ್ಟ್ರಾನ್ಷಿಯಂ-90 ನೀರಿನ ಹೊದಿಕೆಯನ್ನು ಅಷ್ಟು ಸುಲಭವಾಗಿ ಬಿಡದ ಕಾರಣ ಸಡಿಲವಾಗಿಯೇ ಅಂಟಿಕೊಂಡಿದ್ದು, ಕ್ಯಾಲ್ಸಿಯಂ ಹೆಚ್ಚಿದ್ದರೆ ಮತ್ತೆ ನೀರಿಗೆ ಮರಳುತ್ತದೆ. ಕೋಲಾರದ ಕೊಳವೆಬಾವಿಗಳಲ್ಲಿ ಕಂಡುಬಂದಿರುವ ಯುರೇನಿಯಂಗೂ ಈ ಮಣ್ಣು ಮದ್ದಾಗಬಹುದೆಂದು ಭಾವಿಸಬಾರದು: ಕಾರ್ಬೊನೇಟ್ ಇರುವ ನೀರಿನಲ್ಲಿ ಯುರೇನಿಯಂ ಋಣ ಆವೇಶದ ಸಂಯುಕ್ತವಾಗುವುದರಿಂದ ಜೇಡಿಮಣ್ಣು ಅದನ್ನು ಚೆನ್ನಾಗಿ ಹಿಡಿಯಲಾರದು.

ಆಯ್ದ ಮಣ್ಣಿನಿಂದ ಮರಳನ್ನು ಬೇರ್ಪಡಿಸಿ, ಅದು ಬೆಂಟೊನೈಟ್ ಎಂಬ ಬಗೆಯ ಜೇಡಿಯಾಗಿದ್ದರೆ ಉಪ್ಪುನೀರಿನಲ್ಲಿ ನೆನೆಸಿ ತೊಳೆದು, ಒಣಗಿಸಿ ಪುಡಿ ಮಾಡುತ್ತಾರೆ. ಎಷ್ಟು ನೀರಿಗೆ ಎಷ್ಟು ಪುಡಿ ಬೇಕು, ಎಷ್ಟು ಹೊತ್ತು ಕಲಕಬೇಕು ಎಂಬುದನ್ನು ಆಯಾ ನೀರಿನ ಸಣ್ಣ ಮಾದರಿಗಳಲ್ಲಿ ಪರೀಕ್ಷಿಸಿಯೇ ನಿಶ್ಚಯಿಸಬೇಕು.

ಕಲಕಿದ ನಂತರದ ಹಂತವೇ ಹೆಚ್ಚು ಎಚ್ಚರ ಬೇಡುವಂಥದ್ದು. ಜೇಡಿಯ ನವಿರು ಕಣಗಳು ತಾವಾಗಿ ಬೇಗ ತಳ ಸೇರುವುದಿಲ್ಲ, ಮತ್ತು ತೇಲುತ್ತ ಉಳಿದ ಕಣಗಳೊಂದಿಗೆ ಸೀಸಿಯಂ ಕೂಡ ನೀರಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ನಮ್ಮ ಹಿರಿಯರು ಹೊಳೆಯ ಕೆನ್ನೀರನ್ನು ತಿಳಿಗೊಳಿಸಲು ಬಳಸುತ್ತಿದ್ದ ಪಟಿಕದಂಥ ವಸ್ತುವನ್ನು ಸೇರಿಸಿ, ಕಣಗಳನ್ನು ಮುದ್ದೆಗಟ್ಟಿಸಿ, ಮೇಲಿನ ತಿಳಿಯನ್ನು ಸೋಸಬೇಕು. ಸೋಸಿದ ನೀರಿನಲ್ಲಿ ಉಳಿದ ಸೀಸಿಯಂ ಅನ್ನು ಗಾಮಾ ಕಿರಣಗಳನ್ನು ಅಳೆಯುವ ಮಾಪಕ ತೋರಿಸುತ್ತದೆ. ಬೀಟಾ ಕಣಗಳನ್ನಷ್ಟೇ ಸೂಸುವ ಸ್ಟ್ರಾನ್ಷಿಯಂಗೆ ಪ್ರತ್ಯೇಕ ಪರೀಕ್ಷೆ ಅಗತ್ಯ.

ತಳದಲ್ಲಿ ಉಳಿದ ಕೆಸರಿನ ವಿಕಿರಣ ನಶಿಸಿರುವುದಿಲ್ಲ. ನೀರಿನಲ್ಲಿದ್ದದ್ದು ಮಣ್ಣಿನಲ್ಲಿ ಸಾಂದ್ರವಾಗಿರುತ್ತದೆ, ಅಷ್ಟೇ. ಸೀಸಿಯಂ-137ರ ಅರ್ಧಾಯುಷ್ಯ (ಅರ್ಧದಷ್ಟು ನಶಿಸಲು ಬೇಕಾದ ಕಾಲ) ಸುಮಾರು 30 ವರ್ಷವಾದ್ದರಿಂದ ಅದು ಸಾವಿರದಲ್ಲೊಂದು ಪಾಲಿಗೆ ಇಳಿಯಲು ಸುಮಾರು 300 ವರ್ಷ ಬೇಕು. ಹೀಗಾಗಿ ಕೆಸರನ್ನು ಸಿಮೆಂಟಿನಂಥ ವಸ್ತುವಿನಲ್ಲಿ ಗಟ್ಟಿಯಾಗಿಸಿ, ಕಾವಲಿರುವ ಕಡೆ ಇಡಬೇಕು. ಫುಕುಶಿಮಾದಲ್ಲಿ ಸೀಸಿಯಂ ಹೀರಲೆಂದು ಎರಡು ಕಟ್ಟಡಗಳ ನೆಲಮಾಳಿಗೆಯಲ್ಲಿ ಇಟ್ಟಿದ್ದ, ಇದೇ ಗುಣವುಳ್ಳ ಜಿಯೋಲೈಟ್ ಖನಿಜದ ಮೂಟೆಗಳು ಮನುಷ್ಯರು ಹತ್ತಿರ ಸುಳಿಯಲಾಗದಷ್ಟು ವಿಕಿರಣ ಸೂಸುವಂತಾದವು. ಅವನ್ನು ಹೊರತೆಗೆಯಲು ದೂರದಿಂದ ನಿಯಂತ್ರಿಸುವ ರೋಬಾಟ್‌ಗಳನ್ನೇ ಸಿದ್ಧಪಡಿಸಬೇಕಾಯಿತು.