ತೊಗರಿ ಚೀಲ ಎತ್ತಿ ಸೊಂಟ ಹಿಡಿದಾಗ

ಕಲಬುರಗಿಯ ತೊಗರಿ ರಾಶಿಯ ದಿನಗಳಲ್ಲಿ ನಡು ಬಗ್ಗಿಸಿ ಚೀಲ ಎತ್ತಿದ ಕೂಡಲೇ ಸೊಂಟ ಹಿಡಿದು, ನೋವು ಕಾಲಿನ ಹಿಂಬದಿಯಿಂದ ಪಾದದವರೆಗೆ ಇಳಿದರೆ ಡಿಸ್ಕ್ ಜಾರಿರಬಹುದು. ಜಾರುವುದು ಎಂಬ ಮಾತು ಅಷ್ಟು ಸರಿಯಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆಯ ಹೊರಪದರ ಸೀಳಿ, ಒಳಗಿನ ಲೋಳೆಯಂಥ ತಿರುಳು ಹೊರಚಾಚಿ ನರವನ್ನು ಕೆಣಕುತ್ತದೆ. ಹೆಚ್ಚಿನವರಲ್ಲಿ ಇದು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯದೆ, ತಾಳುವಷ್ಟು ನಡೆದಾಡಬೇಕು. ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ಮಡಿಸಿದ ಕೌದಿ ಇಟ್ಟುಕೊಂಡರೆ ಹಲವರಿಗೆ ಹಾಯೆನಿಸುತ್ತದೆ. ಸೊಂಟ ತುಳಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ವಾಸಿಯಾದ ಮೇಲೂ ಭಾರವನ್ನು ಮೊಣಕಾಲು ಮಡಿಸಿ, ಮೈಗೆ ಅವಚಿಕೊಂಡೇ ಎತ್ತಬೇಕು. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಪಾದ ಎತ್ತಲಾಗದಿದ್ದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.