ಓದಿ ಹೇಳದೆ ಮುಂದಿನ ವಿಷಯಕ್ಕೆ ಹೋಗಲ್ಲ: ಪಂಚಾಯತ ಸಭೆ ನಡೆಸಿದ ನನ್ನ ಅನುಭವ

ಸಾಮಾನ್ಯ ಸಭೆ ಅಂದರೆ ಹನ್ನೊಂದಕ್ಕೆ ಶುರು, ಮೂರು ಮೂರೂವರೆಗೆ ಮುಗಿಯೋದು. ಸಭೆಯ ತೀರ್ಮಾನಗಳ ನಡವಳಿ ಪುಸ್ತಕ ಬರೆಯೋದಕ್ಕೆ ಒಂದು ವಾರ. ಅದಕ್ಕೆ ಸಹಿ ಹಾಕಿಸೋದಕ್ಕೆ ನೀರುಗಂಟಿ ಮನೆಮನೆಗೆ ಪುಸ್ತಕ ಹೊತ್ತುಕೊಂಡು ಓಡಾಡೋದು. ಶಿರಸಿ ತಾಲೂಕಿನ ನಮ್ಮ ಗ್ರಾಮ ಪಂಚಾಯತದಲ್ಲಿ ವರ್ಷಗಟ್ಟಲೆ ಹೀಗೇ ನಡೆದಿತ್ತು. ನಾನು ಅಧ್ಯಕ್ಷೆಯಾಗಿದ್ದ ಮೂವತ್ತು ತಿಂಗಳಲ್ಲಿ ಕೊನೆಯ ವರ್ಷ ಮಾತ್ರ ಬೇರೆ. ಊಟದ ಹೊತ್ತಿಗೆ ಸಭೆ ಮುಗಿಯುತ್ತಿತ್ತು. ಸದಸ್ಯರು ಕುರ್ಚಿ ಬಿಟ್ಟು ಏಳುವ ಮೊದಲೇ ಪುಸ್ತಕಕ್ಕೆ ಸಹಿ ಬಿದ್ದಿರುತ್ತಿತ್ತು. "ನೀ ಹೇಳಿದ್ದು ನಮ್ಮ ಊರಲ್ಲಿ ಆಗೂದಲ್ಲ" ಅಂದಿದ್ದ ಪಕ್ಕದ ಪಂಚಾಯತದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೋಟಿಸು, ಕೋರಂ (ಸಭೆ ನಡೆಸಲು ಬೇಕಾದಷ್ಟು ಹಾಜರಿ), ಸೂಚಕರು ಅನುಮೋದಕರು (ನಿರ್ಣಯ ಮಂಡಿಸುವವರು, ಬೆಂಬಲಿಸುವವರು), ಪಂಚತಂತ್ರ ತಂತ್ರಾಂಶಕ್ಕೆ ಹಾಕೋದು, ಇವೆಲ್ಲ ನಿಮಗೆ ಗೊತ್ತೇ ಇದೆ. ಆ ಪಾಠ ಬಿಡುತ್ತೇನೆ.

ನಮ್ಮಲ್ಲಿ ಕೆಟ್ಟಿದ್ದು ಜಗಳದಿಂದ ಅಲ್ಲ, ಠರಾವಿನ (ನಿರ್ಣಯದ) ಭಾಷೆಯಿಂದ. ಹಳೇ ಪುಸ್ತಕ ತೆಗೆದು ನೋಡಿ, ನಿಮ್ಮಲ್ಲೂ ಹೀಗೇ ಇರುತ್ತದೆ: "ವಿಷಯ ನಂ. 4: ಕುಡಿಯುವ ನೀರಿನ ಬಗ್ಗೆ ಸುದೀರ್ಘವಾಗಿ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಯಾವ ಕೇರಿ? ಯಾವ ಮೋಟಾರು? ಯಾರು ಮಾಡಿಸಬೇಕು, ಎಷ್ಟರೊಳಗೆ, ಯಾವ ದುಡ್ಡು? ಏನೂ ಇಲ್ಲ. ಮುಂದಿನ ಸಭೆಯಲ್ಲಿ ಅದೇ ವಿಷಯ, ಅದೇ ಮಾತು, ಮತ್ತೊಂದು ಸೂಕ್ತ ಕ್ರಮ.

ಇದಕ್ಕೆ ನಾವು ತೆತ್ತ ದುಡ್ಡು ಸಣ್ಣದಲ್ಲ. ಒಂದು ಕಾಲುಸಂಕದ (ಹಳ್ಳ ದಾಟುವ ಸಣ್ಣ ಸೇತುವೆಯ) ಕತೆ ಹೇಳುತ್ತೇನೆ. "ಹಳ್ಳಕ್ಕೆ ಕಾಲುಸಂಕ ನಿರ್ಮಿಸಲು ತೀರ್ಮಾನಿಸಲಾಯಿತು" ಅಂತ ಹಿಂದಿನ ಅವಧಿಯಲ್ಲಿ ಠರಾವಾಗಿತ್ತು. ಹಳ್ಳ ಒಂದೇ, ಆದರೆ ದಾಟುವ ಜಾಗ ಎರಡು. ಮೇಲಿನ ಕೇರಿಯವರು ನಮಗೆ ಅಂದರು, ಕೆಳಗಿನ ಕೇರಿಯವರು ನಮಗೆ ಅಂದರು. ಎಂಜಿನಿಯರು ಬಂದು ಜಾಗ ನೋಡಿ, ಮೊದಲು ನೀವು ನಿರ್ಧಾರ ಮಾಡಿ ಅಂತ ವಾಪಸ್ ಹೋದರು. ಎರಡು ಮಳೆಗಾಲ ಹಾಗೇ ಕಳೆಯಿತು. ಮಕ್ಕಳು ಅಡಿಕೆ ಮರದ ಸಂಕದ ಮೇಲೇ ಶಾಲೆಗೆ ಹೋದರು. ಅಂದಾಜು ಪಟ್ಟಿ ಎರಡೂವರೆ ಲಕ್ಷದ ಹತ್ತಿರ ಇದ್ದದ್ದು ಮೂರೂಕಾಲು ದಾಟಿತು. ಠರಾವಿನಲ್ಲಿ ಇಂಥವರ ತೋಟದ ಮೂಲೆಯ ದಾಟು ಅಂತ ಒಂದು ಸಾಲು ಬರೆದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಇನ್ನು ಆಡಿಟ್‌ನಲ್ಲಿ ಎಪ್ಪತ್ತು ಸಾವಿರದಷ್ಟು ಖರ್ಚು ಆಕ್ಷೇಪಣೆಗೆ ಬಿದ್ದಿತ್ತು. ಕೆಲಸ ಆಗಿತ್ತು, ಬಿಲ್ಲೂ ಇತ್ತು. ಆದರೆ ವೋಚರಿಗೂ ಠರಾವಿಗೂ ತಾಳೆ ಇಲ್ಲ.

ಮೊದಲು ಮಾಡಿ ನೋಡಿದ್ದು ಬೇರೆ ಬೇರೆ. ಗಂಟೆ ಬಾರಿಸಿ ಒಬ್ಬರಿಗೆ ಐದು ನಿಮಿಷ ಅಂತ ನಿಯಮ ಮಾಡಿದೆವು. ಎರಡನೇ ಸಭೆಗೇ ಹಿರಿಯ ಸದಸ್ಯರೊಬ್ಬರು "ಇದೇನು ಶಾಲೆಯಾ?" ಅಂತ ಎದ್ದರು, ಅವರ ಹಿಂದೆ ಇನ್ನೂ ನಾಲ್ಕು ಜನ. ಕೋರಂ ಹೋಯಿತು, ಸಭೆ ಮುಂದೂಡಬೇಕಾಯಿತು. ಹೊಸದಾಗಿ ನೋಟಿಸು ಬರೆದು ಮತ್ತೆ ಎಲ್ಲರ ಮನೆಗೆ ಕಳಿಸೋ ಕೆಲಸ.

ಆಮೇಲೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆವು, ಕಾರ್ಯದರ್ಶಿ ಆಮೇಲೆ ಕೇಳಿಕೊಂಡು ಬರೆಯಲಿ ಅಂತ. ಫೋನು ಮೇಜಿನ ಮೇಲೆ ಕೂತ ಕೂಡಲೇ ಸಭೆ ಮೌನ. ನಿಜವಾದ ಚರ್ಚೆ ಎದುರಿನ ಚಾ ಅಂಗಡಿಗೆ ಹೋಯಿತು. ಮೂರನೇ ಪ್ರಯತ್ನ ದುಬಾರಿಯದು. ದೊಡ್ಡ ಟಿವಿ ತಂದು ಗೋಡೆಗೆ ಹಾಕಿ, ಠರಾವು ಟೈಪ್ ಮಾಡುವಾಗಲೇ ಎಲ್ಲರಿಗೂ ಕಾಣಲಿ ಅಂತ. ವೈರಿಂಗ್ ಎಲ್ಲ ಸೇರಿ ಮೂವತ್ತೈದು ಸಾವಿರ ಸಮೀಪ ಆಯಿತು. ಜೂನ್ ಬಂತು, ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ, ನಿಮಗೆ ಗೊತ್ತಲ್ಲ. ಯುಪಿಎಸ್ ಬ್ಯಾಟರಿ ಕಂಪ್ಯೂಟರಿಗೇ ಸಾಲದು. ಆ ಟಿವಿ ಈಗ ತರಬೇತಿ ವೀಡಿಯೋ ನೋಡೋಕೆ ಉಪಯೋಗಕ್ಕೆ ಬರುತ್ತಿದೆ, ಅಷ್ಟೇ.

ಕೊನೆಗೆ ಕೈಹಿಡಿದದ್ದು ಅರ್ಧ ಹಾಳೆ.

ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ ಮೊದಲು, ವಿಶೇಷ ಸಭೆಗೆ ಮೂರು ದಿನ ಮೊದಲು ನೋಟಿಸು ಅಂತ ಕಾಯ್ದೆ ಹೇಳುತ್ತದೆ. ಯಾವ ವಿಷಯ ಅಂತಲೂ ಅದರಲ್ಲಿ ಇರಬೇಕು. ನಾವು ಆ ನೋಟಿಸಿನ ಜೊತೆ ಒಂದೊಂದು ವಿಷಯಕ್ಕೆ ಒಂದೊಂದು ಅರ್ಧ ಹಾಳೆ ಕಳಿಸಿದೆವು. ಮೇಲೆ ಮೂರು ಸಾಲು: ವಿಷಯ ಎಲ್ಲಿಂದ ಬಂತು, ಹಿಂದೆ ಏನಾಗಿತ್ತು, ಈಗ ಯಾವ ಖಾತೆಯಲ್ಲಿ ಎಷ್ಟು ದುಡ್ಡಿದೆ. ಕೆಳಗೆ ಕರಡು ಠರಾವು, ನಾಲ್ಕು ಖಾಲಿ ಜಾಗ ಬಿಟ್ಟು. ಜಾಗ, ಮೊತ್ತ, ಹೊಣೆ ಯಾರದು, ಯಾವತ್ತಿನೊಳಗೆ. ಸಭೆಯಲ್ಲಿ ಮಾತಾಡಬೇಕಾದ್ದು ಈ ನಾಲ್ಕು ಖಾಲಿ ಜಾಗದ ಬಗ್ಗೆ ಮಾತ್ರ. ತುಂಬಿದ ಕೂಡಲೇ ಒಬ್ಬರು ಎದ್ದು ಪೂರ್ತಿ ಠರಾವು ಗಟ್ಟಿಯಾಗಿ ಓದಬೇಕು. ಆಮೇಲೆ ಸೂಚಕರು ಅನುಮೋದಕರು ಆ ಹಾಳೆಗೇ ಸಹಿ ಹಾಕಬೇಕು. ಅದಾದ ಮೇಲೇ ಮುಂದಿನ ವಿಷಯ. ಅಷ್ಟರಲ್ಲಿ ಕಾರ್ಯದರ್ಶಿ ಹಿಂದಿನ ಹಾಳೆಯನ್ನ ಪುಸ್ತಕಕ್ಕೆ ಇಳಿಸುತ್ತಾ ಇರುತ್ತಾರೆ.

ಹಾಳೆ ಬಂದ ಮೇಲೆ ಮೋಟಾರಿನ ಠರಾವು ಹೀಗಿತ್ತು: "ಮೇಲಿನ ಕೇರಿ ಬೋರ್‌ವೆಲ್ ಮೋಟಾರು ಎತ್ತಿಸಿ ರಿಪೇರಿ ಮಾಡಿಸುವುದು. ಖರ್ಚು ಹದಿನೆಂಟು ಸಾವಿರ ಮೀರಬಾರದು. ದುಡ್ಡು 15ನೇ ಹಣಕಾಸು ಆಯೋಗದ ಟೈಡ್ ಅನುದಾನದಿಂದ. ಹೊಣೆ ಪಿಡಿಒ (ಪಂಚಾಯತ ಅಭಿವೃದ್ಧಿ ಅಧಿಕಾರಿ) ಮತ್ತು ಆ ವಾರ್ಡಿನ ಸದಸ್ಯರದು. ಬರುವ ಶನಿವಾರದೊಳಗೆ ನೀರು ಬಿಡಬೇಕು." ಸಭೆಯಲ್ಲಿ ಇದನ್ನ ಓದಿದ ಮೇಲೆ ಆ ವಾರ್ಡಿನ ಸದಸ್ಯರು ಸುಮ್ನೆ ಕೂರೋಕಾಗಲ್ಲ. ಶನಿವಾರ ಬರುತ್ತದೆ, ಜನ ಕೇಳುತ್ತಾರೆ.

ಆಗ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನೂರಕ್ಕೆ ಅರವತ್ತು ನೀರು ಮತ್ತು ಸ್ವಚ್ಛತೆಗೇ ಕಟ್ಟಿಟ್ಟದ್ದಾಗಿತ್ತು, ಅದೇ ಟೈಡ್ ಅನುದಾನ. ಉಳಿದ ನಲವತ್ತಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು, ರಸ್ತೆ ರಸ್ತೆ ಅಂತ. ಹಾಳೆಯ ಮೇಲೆ ಎರಡೂ ಲೆಕ್ಕ ಬೇರೆ ಬೇರೆ ಕಂಡಾಗ ಅರ್ಧ ವಾದ ತಾನಾಗಿಯೇ ನಿಂತಿತು. ಇಲ್ಲದ ದುಡ್ಡಿಗೆ ಯಾರು ಜಗಳ ಮಾಡುತ್ತಾರೆ?

ವಿರೋಧ ಬಂದದ್ದು ನಾನು ಅಂದುಕೊಂಡ ಕಡೆಯಿಂದಲೇ. ಕಾರ್ಯದರ್ಶಿ ಹೇಳಿದರು, "ಮೇಡಂ, ನಾಲ್ಕು ತಾಸಿನ ಸಭೆ ಎಂಟು ತಾಸು ಆಗ್ತದೆ." ಮೊದಲ ಎರಡು ಮೂರು ಸಭೆ ನಿಜಕ್ಕೂ ಉದ್ದವಾದವು. ಒಂದಂತೂ ಐದು ಗಂಟೆಯವರೆಗೆ ಹೋಯಿತು. ಅಡಿಕೆ ಕೊಯ್ಲಿನ ಕಾಲ ಬೇರೆ. ಕೊನೆಗೌಡ (ಅಡಿಕೆ ಕೊನೆ ಇಳಿಸುವವನು) ಮರ ಹತ್ತಿದ್ದಾನೆ, ನಾವು ಇಲ್ಲಿ ಕೂತಿದ್ದೇವೆ ಅಂತ ತೋಟದವರೆಲ್ಲ ಗೊಣಗಿದರು. ನಾನು ಬಿಡಲಿಲ್ಲ. ನಾಲ್ಕನೇ ಸಭೆಯ ಹೊತ್ತಿಗೆ ಹಳೇ ವಿಷಯಗಳು ಮರಳಿ ಬರೋದು ನಿಂತಿತ್ತು. ಸಮಯ ಉಳಿದದ್ದು ಅಲ್ಲಿ. ಮೊದಲು ಇಪ್ಪತ್ತು ವಿಷಯ ಇದ್ದರೆ ಹನ್ನೆರಡು ಹಳೆಯವೇ ಇರುತ್ತಿದ್ದವು.

"ಸರ್ವಾನುಮತ" ಬಿಡಿಸೋದು ಇನ್ನೂ ಕಷ್ಟವಾಯಿತು. ವಿರೋಧ ಇದ್ದವರ ಹೆಸರು ಬರೆಯೋಣ ಅಂದರೆ ಎಲ್ಲರಿಗೂ ಮುಜುಗರ. ಒಂದೇ ಊರು, ನಾಳೆ ಮದುವೆಮನೆಯಲ್ಲಿ ಎದುರಾಗಬೇಕು, ಅಲ್ವಾ? ಬೀದಿದೀಪದ ವಿಷಯದಲ್ಲಿ ಮೊದಲ ಸಲ ಕೈ ಎತ್ತಿಸಿದೆ. ಆರು, ಐದು. ನಾನೂ ಮೊದಲೇ ಮತ ಹಾಕಿದ್ದೆ. ಸಮಸಮ ಆಗಿದ್ದರೆ ಅಧ್ಯಕ್ಷರಿಗೆ ಇನ್ನೊಂದು ನಿರ್ಣಾಯಕ ಮತ ಇದೆ ಅಂತ ಆವತ್ತು ಹಲವರಿಗೆ ಗೊತ್ತಾಯಿತು. ಐದೂ ಜನರ ಹೆಸರು ಪುಸ್ತಕಕ್ಕೆ ಹೋಯಿತು. ಅವರಲ್ಲೊಬ್ಬರು ಆಮೇಲೆ ಬಂದು "ಅಕ್ಕಾ, ನನ್ನ ಹೆಸರು ಸರಿಯಾಗಿ ಬರೆದಿದೆಯಾ ನೋಡ್ತೆ" ಅಂದರು. ತಮ್ಮ ವಾರ್ಡಿನವರಿಗೆ ತೋರಿಸೋದಕ್ಕೆ ಅವರಿಗೆ ಅದು ಬೇಕಿತ್ತು. ಅಲ್ಲಿಂದ ಮತ ಹಾಕೋದಕ್ಕೆ ಯಾರೂ ಹೆದರಲಿಲ್ಲ.

ಮಳಿಗೆ ಬಾಡಿಗೆಯ ವಿಷಯವೂ ಹೇಳಲೇಬೇಕು. ಪಂಚಾಯತದ ಅಂಗಡಿ ಮಳಿಗೆಗಳ ಬಾಡಿಗೆ ತಿಂಗಳಿಗೆ ನಾನೂರೋ ಏನೋ ಇತ್ತು, ಹತ್ತು ವರ್ಷದಿಂದ ಏರಿಸಿರಲಿಲ್ಲ. ಒಂದು ಮಳಿಗೆ ಸದಸ್ಯರೊಬ್ಬರದ್ದೇ. ತನ್ನದೇ ಹಣದ ಹಿತ ಇರುವ ವಿಷಯದಲ್ಲಿ ಸದಸ್ಯರು ಚರ್ಚೆಗೂ ಬರುವಂತಿಲ್ಲ, ಮತವನ್ನೂ ಹಾಕುವಂತಿಲ್ಲ. ನಾನು ಆ ಸಾಲನ್ನ ಹಾಳೆಯ ಮೇಲೇ ಅಚ್ಚು ಹಾಕಿಸಿ ವಾರ ಮೊದಲೇ ಮನೆಗೆ ಕಳಿಸಿದ್ದೆ. ಸಭೆಯಲ್ಲಿ ನಾನು ಬಾಯಿಬಿಟ್ಟು ಹೇಳುವ ಪ್ರಸಂಗ ಬರಲಿಲ್ಲ. ಅವರೇ ಎದ್ದು ಜಗುಲಿಗೆ ಹೋಗಿ ಕೂತರು. ಸಿಟ್ಟು ಬಂದಿತ್ತು, ನಿಜ. ಬಾಡಿಗೆ ಒಂಬೈನೂರಾಯಿತು. ಸ್ವಂತ ಸಂಪನ್ಮೂಲಕ್ಕೆ ವರ್ಷಕ್ಕೆ ಮೂವತ್ತು ಸಾವಿರದಷ್ಟು ಜಾಸ್ತಿ ಬಂತು. ನಮ್ಮಂಥ ಸಣ್ಣ ಪಂಚಾಯತಕ್ಕೆ ಅದು ದೊಡ್ಡ ದುಡ್ಡು.

ಓದುವ ಸರದಿ ನಾನೇ ಹುಡುಕಿದ ಉಪಾಯ. 2010ರಿಂದ ಪಂಚಾಯತಗಳಲ್ಲಿ ಅರ್ಧ ಸೀಟು ಹೆಂಗಸರದ್ದು. ನಮ್ಮಲ್ಲಿ ಹನ್ನೊಂದರಲ್ಲಿ ಆರು. ಆದರೆ ಮಾತಾಡುತ್ತಿದ್ದದ್ದು ಜಗುಲಿಯಲ್ಲಿ ಕೂತ ಗಂಡಂದಿರು, ಕಿಟಕಿಯಿಂದ. ಠರಾವು ಓದುವ ಕೆಲಸವನ್ನ ಸರದಿಯ ಮೇಲೆ ಮೊದಲು ಹೆಂಗಸರಿಗೇ ಕೊಟ್ಟೆ. ಒಂದೂವರೆ ವರ್ಷ ಬಾಯಿಬಿಡದ ಸದಸ್ಯೆಯೊಬ್ಬರು ತಮ್ಮ ಸರದಿಯಲ್ಲಿ ಅಂಗನವಾಡಿ ನೀರಿನ ಟ್ಯಾಂಕಿನ ಠರಾವು ಓದಿದರು. ಅರ್ಧಕ್ಕೆ ನಿಲ್ಲಿಸಿ, "ಇದ್ರಲ್ಲಿ ಐನೂರು ಲೀಟರ್ ಅಂತಿದೆ. ಅಲ್ಲಿ ಸಾಲೂದಿಲ್ಲ, ಸಾವಿರದ್ದು ಬೇಕು" ಅಂದರು. ಎಂಜಿನಿಯರ್ ಪಟ್ಟಿಯಲ್ಲೂ ಐನೂರೇ ಇತ್ತು. ಸಾವಿರಕ್ಕೆ ತಿದ್ದಿದೆವು. ಓದುವವರು ಗಮನ ಇಟ್ಟು ಓದುತ್ತಾರೆ, ತಪ್ಪು ಅಲ್ಲೇ ಸಿಗುತ್ತದೆ. ಗಂಡಂದಿರು ಕ್ರಮೇಣ ಬರೋದು ಬಿಟ್ಟರು. ಅವರನ್ನ ಕಳಿಸೋಕೆ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಅದನ್ನ ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ವಿಷಯಗಳನ್ನ ಯಾವ ಕ್ರಮದಲ್ಲಿ ಇಡೋದು ಅನ್ನೋದೂ ನನ್ನಲ್ಲೇ ಇರಲಿ. ಇಷ್ಟು ಹೇಳಬಲ್ಲೆ: ಹಿಂದಿನ ನಡವಳಿ ಓದಿದ ಕೂಡಲೇ ಅನುಪಾಲನಾ ವರದಿ (ಹಿಂದಿನ ಠರಾವುಗಳು ಎಷ್ಟು ಜಾರಿಯಾದವು ಅನ್ನೋದು) ಬರಲೇಬೇಕು, ಮತ್ತು ಜಗಳದ ವಿಷಯ ಎಂದೂ ಚಾ ಬರುವ ಮೊದಲು ಬರಬಾರದು. ಅನುಪಾಲನೆಯನ್ನ ನಾವು ಮೂರೇ ಮಾತಿನಲ್ಲಿ ಮುಗಿಸುತ್ತಿದ್ದೆವು. ಆಯಿತು, ನಡೆದಿದೆ, ಆಗಿಲ್ಲ. ಆಗಿಲ್ಲ ಅಂದರೆ ಹೊಣೆ ಹೊತ್ತವರು ಹೊಸ ದಿನಾಂಕ ಹೇಳಬೇಕು, ಕಾರಣ ಬೇಡ. ಕಾರಣ ಕೇಳಿದರೆ ಅರ್ಧ ತಾಸು ಹೋಯಿತು ಅಂತಲೇ ಲೆಕ್ಕ.

"ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅನ್ನೋ ಬಾಗಿಲನ್ನೂ ಸಣ್ಣದು ಮಾಡಿದೆ. ದುಡ್ಡಿನ ವಿಷಯ ಅಲ್ಲಿಂದ ಒಳಗೆ ಬರೋ ಹಾಗಿಲ್ಲ. ತುರ್ತಿದ್ದರೆ ಮೂರನೇ ಒಂದು ಭಾಗ ಸದಸ್ಯರು ಬರೆದು ಕೊಡಲಿ, ವಿಶೇಷ ಸಭೆ ಕರೆಯೋಣ ಅಂದೆ. ಹಾಗೆ ಬರೆದು ಕೊಟ್ಟದ್ದು ನನ್ನ ನೆನಪಿನಲ್ಲಿ ಒಂದೇ ಸಲ, ಗುಡ್ಡ ಜರಿದು ರಸ್ತೆ ಕಟ್ಟಾದಾಗ.

ಖರ್ಚಿನ ಲೆಕ್ಕ ಕೇಳುವವರಿಗೆ: ಜೆರಾಕ್ಸು, ಹಾಳೆ ಎಲ್ಲ ಸೇರಿ ಸಭೆಗೆ ಇನ್ನೂರೈವತ್ತು ಮುನ್ನೂರು ರೂಪಾಯಿ. ಮಧ್ಯಾಹ್ನದ ಊಟ ತರಿಸೋದು ತಪ್ಪಿದ್ದರಿಂದ ಸಾವಿರದ ಮೇಲೆ ಉಳಿಯಿತು. ಚಾ ಅವಲಕ್ಕಿ ಮಾತ್ರ ಬಿಡಲಿಲ್ಲ. ಕರವಸೂಲಿ ಬೇಡಿಕೆಯ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದದ್ದು ಎಂಬತ್ತು ಪರ್ಸೆಂಟ್ ಮುಟ್ಟಿತು. ವಾರ್ಡುವಾರು ಬಾಕಿಯ ಹಾಳೆಯನ್ನ ಪ್ರತಿ ಸಭೆಯಲ್ಲಿ ಆಯಾ ಸದಸ್ಯರೇ ಓದಬೇಕಿತ್ತು, ಅದಕ್ಕೇ.

ಘಟ್ಟದ ಕೆಳಗೆ ಕುಮಟಾ ಕಡೆಯ ಅಧ್ಯಕ್ಷರೊಬ್ಬರು ನಮ್ಮ ಹಾಳೆ ಒಯ್ದು ಮಾಡಿ ನೋಡಿದರು. ಅವರಲ್ಲಿ ಮೀನುಗಾರಿಕೆಯ ಕೇರಿಗಳು ಜಾಸ್ತಿ. ಅರ್ಧ ಜನಕ್ಕೆ ಕೊಂಕಣಿಯೇ ಮನೆಮಾತು. ಠರಾವನ್ನ ಕನ್ನಡದಲ್ಲಿ ಓದಿ, ಮತ್ತೆ ಕೊಂಕಣಿಯಲ್ಲಿ ಹೇಳುತ್ತಾರಂತೆ. ಸಮಯ ಹೆಚ್ಚು ಹಿಡಿಯುತ್ತದೆ, ಎರಡೂವರೆ ತಾಸಿಗಿಂತ ಕಡಿಮೆಗೆ ಬಂದಿಲ್ಲ. ದೋಣಿಯವರ ಹಾಜರಿಯೂ ಒಂದು ತಲೆನೋವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಸಭೆ ತುಂಬಿರುತ್ತದೆ, ಆಗಸ್ಟ್ ಬಂದರೆ ಕೋರಂಗೇ ಒದ್ದಾಟ. ದೊಡ್ಡ ತೀರ್ಮಾನಗಳನ್ನ ಆ ಎರಡು ತಿಂಗಳಿಗೆ ಇಟ್ಟುಕೊಳ್ಳಿ ಅಂತ ನಾನು ಹೇಳಿದೆ, ಹಾಗೇ ಮಾಡುತ್ತಿದ್ದಾರೆ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಒಡ್ಡಿನ ವಿಷಯ ಅವರಲ್ಲಿ ಮೂರು ವರ್ಷದಿಂದ "ಸೂಕ್ತ ಕ್ರಮ"ದಲ್ಲಿತ್ತು. ಹೋದ ಮಳೆಗಾಲದಲ್ಲಿ ಜಾಗ, ಮೊತ್ತ, ಹೊಣೆ, ದಿನಾಂಕ ಹಾಕಿ ಮುಗಿಸಿದರು.

ಗ್ರಾಮಸಭೆಗೂ ಇದನ್ನ ಹಾಕಿ ನೋಡಿದೆ. ಅಲ್ಲಿ ಹಿಡಿತ ಸಿಗಲಿಲ್ಲ. ಜನ ಅಲ್ಲೇ ಅರ್ಜಿ ಹಿಡಿದು ಬರುತ್ತಾರೆ, ಮೊದಲೇ ಹಾಳೆ ಮಾಡೋದು ಹೇಗೆ? ವಾರ್ಡುಸಭೆಯಲ್ಲೇ ಅರ್ಜಿ ತೆಗೆದುಕೊಂಡು, ಹಾಳೆ ಮಾಡಿ, ಗ್ರಾಮಸಭೆಗೆ ತಂದಾಗ ಸ್ವಲ್ಪ ದಾರಿಗೆ ಬಂತು. ಎರಡರ ನಡುವೆ ಕನಿಷ್ಠ ಇಪ್ಪತ್ತು ದಿನ ಬೇಕು. ಕಡಿಮೆಯಾದರೆ ಖಾತೆಯ ಲೆಕ್ಕ ಹಾಕಿ ಮುಗಿಯೋದಿಲ್ಲ. ಹೊಸದಾಗಿ ಶುರು ಮಾಡುವವರು ಗ್ರಾಮಸಭೆಗೆ ಕೈ ಹಾಕಬೇಡಿ. ಮೊದಲ ಸಭೆಗೆ ಐದೇ ವಿಷಯಕ್ಕೆ ಹಾಳೆ ಮಾಡಿ, ಅದರಲ್ಲಿ ಒಂದಾದರೂ ವಾರದೊಳಗೆ ಮುಗಿಯುವ ನೀರಿನ ಕೆಲಸ ಇರಲಿ.