ಆನ್ ಆರ್ಬರ್‌ಗೆ ಹೊಸಬರೇ? ಮೊದಲು ಶನಿವಾರದ ಮ್ಯಾಚ್ ಪಟ್ಟಿ ನೋಡಿ

ಅಮೆರಿಕದ ಮಿಷಿಗನ್ ರಾಜ್ಯದ ಈ ಊರಿಗೆ ಆಗಸ್ಟ್‌ನಲ್ಲಿ ಬಂದಿಳಿದವರು ಇಂಡಿಯನ್ ಅಂಗಡಿ ಎಲ್ಲಿ, ಡ್ರೈವಿಂಗ್ ಲೈಸೆನ್ಸ್ ಹೇಗೆ, ಚಳಿಗೆ ಯಾವ ಜಾಕೆಟ್ ಎಂದೆಲ್ಲ ಕೇಳುತ್ತಾರೆ. ಫುಟ್‌ಬಾಲ್ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ ಈ ಊರಿನ ಶನಿವಾರಗಳನ್ನು ನಡೆಸುವುದು ಯೂನಿವರ್ಸಿಟಿ ಆಫ್ ಮಿಷಿಗನ್‌ನ ಫುಟ್‌ಬಾಲ್ ತಂಡ. ಆಟದಲ್ಲಿ ಆಸಕ್ತಿ ಇರಲಿ ಬಿಡಲಿ, ಮ್ಯಾಚ್‌ಗಳ ಪಟ್ಟಿ ಫ್ರಿಜ್ ಮೇಲೆ ಇರಲಿ.

ಮೇನ್ ಸ್ಟ್ರೀಟ್ ಪಕ್ಕದ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. 2020ರ ಜನಗಣತಿಯಲ್ಲಿ ಇಡೀ ಊರಿನ ಜನಸಂಖ್ಯೆ ಸುಮಾರು 1,24,000. ಲೆಕ್ಕ ನೀವೇ ಹಾಕಿ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸ್ಟೇಡಿಯಂ ಇಲ್ಲ. 1975ರ ನವೆಂಬರ್‌ನಿಂದ ಈಚೆಗೆ, ಕೋವಿಡ್ ವರ್ಷವೊಂದನ್ನು ಬಿಟ್ಟರೆ, ಇಲ್ಲಿನ ಯಾವ ಮ್ಯಾಚ್‌ಗೂ ಲಕ್ಷಕ್ಕಿಂತ ಕಡಿಮೆ ಜನ ಬಂದಿಲ್ಲ. ನಮ್ಮ ಕಡೆ ತೇರಿನ ದಿನ ಊರಿಗೆ ಬಸ್ಸು ಬರುವುದಿಲ್ಲ ಅಂತಾರಲ್ಲ, ಇಲ್ಲಿ ವರ್ಷಕ್ಕೆ ಏಳೆಂಟು ಸಲ ಹಾಗೇ.

ಹಾಗಾಗಿ ಊರಿನಿಂದ ಅಪ್ಪ ಅಮ್ಮ ಬರುವವರಿದ್ದರೆ ಮ್ಯಾಚ್ ಇರುವ ಶನಿವಾರಕ್ಕೆ ಡೆಟ್ರಾಯಿಟ್ ವಿಮಾನದ ಟಿಕೆಟ್ ಮಾಡಿಸಬೇಡಿ. ಮನೆ ಬದಲಿಸಲು ಟ್ರಕ್ ಬುಕ್ ಮಾಡಬೇಡಿ. ಹೋಟೆಲ್ ಬಾಡಿಗೆಯಂತೂ ಕೇಳಲೇ ಬೇಡಿ. ಸ್ಟೇಡಿಯಂ ಹತ್ತಿರದ ಮನೆಯವರು ತಮ್ಮ ಅಂಗಳದ ಹುಲ್ಲಿನ ಮೇಲೇ ಕಾರು ನಿಲ್ಲಿಸಿಕೊಂಡು ದುಡ್ಡು ಮಾಡುತ್ತಾರೆ. ಇದರಲ್ಲಿ ಒಂದು ಲಾಭವೂ ಇದೆ: ಆಟ ಶುರುವಾದ ಮೇಲೆ ಅಂಗಡಿಗಳು ಖಾಲಿ. ವಾರದ ಸಾಮಾನು ತರಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಆಟ ಮುಗಿಯುವ ಮುಂಚೆ ಮನೆ ಸೇರಿಬಿಡಿ, ಅಷ್ಟೇ.

ಇನ್ನು ಆಟ. ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ ಇದು, ನಿಮಗೂ ಗೊತ್ತು. ನಾಲ್ಕು ಅವಕಾಶದಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಆರು ಪಾಯಿಂಟ್, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಒದ್ದು ಗಳಿಸಿದರೆ ಮೂರು. ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದನ್ನು ಪಕ್ಕದಲ್ಲಿ ಕೂತ ಅಜ್ಜ ಹೇಳಿಕೊಡುತ್ತಾರೆ, ಕೇಳದಿದ್ದರೂ ಹೇಳಿಕೊಡುತ್ತಾರೆ.

ಒಮ್ಮೆಯಾದರೂ ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಆದರೆ ಆಟಕ್ಕಾಗಿ ಅಲ್ಲ. ಸ್ಟೇಡಿಯಂನ ಬಹುಭಾಗ ನೆಲದೊಳಗೆ ಇಳಿದಿದೆ, ಆದ್ದರಿಂದ ಗೇಟಿನ ಹತ್ತಿರ ಅದರ ಗಾತ್ರ ಗೊತ್ತಾಗುವುದಿಲ್ಲ. ಒಳಗೆ ಕಾಲಿಟ್ಟಾಗ ಕೆಳಗೆ ಅಷ್ಟು ದೊಡ್ಡ ಬೋಗುಣಿ ತೆರೆದುಕೊಳ್ಳುತ್ತದೆ. ಅರ್ಧ ಗಂಟೆ ಮುಂಚೆಯೇ ಸೀಟಿನಲ್ಲಿರಿ. ಬ್ಯಾಂಡ್ ಮೈದಾನಕ್ಕೆ ಓಡಿ ಬರುವುದು, ಆಟಗಾರರು ಸುರಂಗದಿಂದ ನುಗ್ಗಿ ಬಂದು ಎತ್ತಿ ಹಿಡಿದ ಬ್ಯಾನರನ್ನು ಹಾರಿ ಮುಟ್ಟುವುದು, ಇವೆರಡನ್ನು ನೋಡದೆ ಹೋದರೆ ಟಿಕೆಟ್ ದುಡ್ಡು ಅರ್ಧ ದಂಡ. ಹೆಲ್ಮೆಟ್ ಮೇಲಿನ ಹಳದಿ ರೆಕ್ಕೆಯಂಥ ಚಿತ್ರ ಗಮನಿಸಿ. 1938ರಲ್ಲಿ ಕೋಚ್ ಫ್ರಿಟ್ಜ್ ಕ್ರಿಸ್ಲರ್ ತಂದದ್ದು ಅದು. ತಂಡ ಅಂಕ ಗಳಿಸಿದಾಗಲೆಲ್ಲ ಎಲ್ಲರೂ ಮುಷ್ಟಿ ಎತ್ತಿ ಹಾಡುವ ಹಾಡನ್ನು 1898ರಲ್ಲಿ ಲೂಯಿಸ್ ಎಲ್ಬೆಲ್ ಎಂಬ ವಿದ್ಯಾರ್ಥಿ ಬರೆದದ್ದು. ಸಾಲು ಗೊತ್ತಿಲ್ಲದಿದ್ದರೆ ಮುಷ್ಟಿ ಮಾತ್ರ ಎತ್ತಿ, ಯಾರೂ ಪರೀಕ್ಷೆ ಮಾಡುವುದಿಲ್ಲ. ಯಾರಾದರೂ "ಗೋ ಬ್ಲೂ" ಅಂದರೆ ತಿರುಗಿ "ಗೋ ಬ್ಲೂ" ಅನ್ನಿ.

ಕೂರುವುದು ಕುರ್ಚಿಯಲ್ಲಲ್ಲ, ಬೆಂಚಿನಲ್ಲಿ. ನವೆಂಬರ್‌ನಲ್ಲಿ ಅದು ಐಸ್ ಇದ್ದ ಹಾಗೆ. ಥರ್ಮಲ್ ಹಾಕಿಕೊಳ್ಳಿ, ಎರಡು ಜೊತೆ ಸಾಕ್ಸ್ ಇರಲಿ. ವಿದ್ಯಾರ್ಥಿಗಳ ಭಾಗದಲ್ಲಿ ಆಟ ಮುಗಿಯುವವರೆಗೂ ನಿಂತೇ ಇರುತ್ತಾರೆ, ಚಿಕ್ಕ ಮಕ್ಕಳೊಂದಿಗೆ ಅಲ್ಲಿ ಬೇಡ. ಬ್ಯಾಗಿನ ನಿಯಮ ಹೊರಡುವ ಮುಂಚೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಗೇಟಿನಿಂದ ಕಾರಿನವರೆಗೆ ವಾಪಸ್ ನಡೆಯಬೇಕು. ಸಸ್ಯಾಹಾರಿಗಳಿಗೆ ಒಳಗೆ ಪಾಪ್‌ಕಾರ್ನ್, ಪ್ರೆಟ್ಜೆಲ್ ಸಿಗುತ್ತದೆ, ಬೆಲೆ ಜಾಸ್ತಿ. ಆಟದ ಮುಂಚೆ ಕಾರಿನ ಡಿಕ್ಕಿ ತೆಗೆದು ತಿನ್ನುವ ಟೇಲ್‌ಗೇಟ್ ಪದ್ಧತಿ ಇದೆಯಲ್ಲ, ಅದಕ್ಕೆ ಪುಳಿಯೋಗರೆ, ಚಿತ್ರಾನ್ನ ಚೆನ್ನಾಗಿ ಹೊಂದುತ್ತದೆ. ಪಕ್ಕದ ಕಾರಿನವರಿಗೂ ಒಂದು ತಟ್ಟೆ ಕೊಡಿ.

ಬಟ್ಟೆ ವಿಚಾರ ಸಣ್ಣದಲ್ಲ. ಇಲ್ಲಿನ ಬಣ್ಣ ಜೋಳದ ಹಳದಿ ಮತ್ತು ಕಡುನೀಲಿ. ನವೆಂಬರ್ ಕೊನೆಯ ಶನಿವಾರ ಕೆಂಪು ಸ್ವೆಟರ್ ಹಾಕಿಕೊಂಡು ಮೇನ್ ಸ್ಟ್ರೀಟಿಗೆ ಹೋಗಬೇಡಿ. ಯಾರೂ ಹೊಡೆಯುವುದಿಲ್ಲ, ಆದರೆ ಇಡೀ ದಿನ ಮಾತು ಕೇಳಬೇಕಾಗುತ್ತದೆ. ಕೆಂಪು ಪಕ್ಕದ ರಾಜ್ಯದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯವರ ಬಣ್ಣ. ಈ ಎರಡು ತಂಡ ಮೊದಲು ಆಡಿದ್ದು 1897ರಲ್ಲಿ. ಬೆಸ ವರ್ಷದಲ್ಲಿ ಮ್ಯಾಚ್ ಇಲ್ಲಿ, ಸರಿ ವರ್ಷದಲ್ಲಿ ಅವರ ಊರು ಕೊಲಂಬಸ್‌ನಲ್ಲಿ. ಜಗಳದ ಬೇರು ಇನ್ನೂ ಹಳೆಯದು: 1835ರಲ್ಲಿ ಟೊಲೀಡೊ ಸುತ್ತಲಿನ ಒಂದು ಪಟ್ಟಿ ನೆಲಕ್ಕಾಗಿ ಎರಡೂ ಕಡೆಯವರು ಬಂದೂಕು ಹಿಡಿದು ಹೊರಟಿದ್ದರು. ಗಡಿ ವಿವಾದದ ಬಿಸಿ ಕನ್ನಡಿಗರಿಗೆ ಹೊಸದಲ್ಲವಲ್ಲ. ಕೊನೆಗೆ ಟೊಲೀಡೊ ಒಹಾಯೊಗೆ ಹೋಯಿತು, ಮಿಷಿಗನ್‌ಗೆ ಉತ್ತರದ ಅಪ್ಪರ್ ಪೆನಿನ್ಸುಲಾದ ಬಹುಭಾಗ ಸಿಕ್ಕಿತು. ಗೆದ್ದವರು ನಾವೇ ಎಂದು ಇಲ್ಲಿನವರ ವಾದ. ಅಲ್ಲಿನ ತಾಮ್ರ, ಕಬ್ಬಿಣದ ಗಣಿಗಳನ್ನು ನೋಡಿದರೆ ವಾದದಲ್ಲಿ ಹುರುಳಿದೆ.

ಒಹಾಯೊದ ಸಹೋದ್ಯೋಗಿ ಇದ್ದರೆ ಅವರ ಬತ್ತಳಿಕೆಯ ಬಾಣವೂ ಗೊತ್ತಿರಲಿ. 2023ರಲ್ಲಿ ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ಮಾಡುವ ಗುಟ್ಟಿನ ಸನ್ನೆಗಳನ್ನು ಕದ್ದ ಆರೋಪ ಮಿಷಿಗನ್ ತಂಡದ ಮೇಲೆ ಬಂದು, ಕೋಚ್ ಜಿಮ್ ಹಾರ್ಬಾ ಮೂರು ಮ್ಯಾಚ್ ಹೊರಗಿರಬೇಕಾಯಿತು. ಅದೇ ಋತುವಿನಲ್ಲಿ ತಂಡ ಹದಿನೈದಕ್ಕೆ ಹದಿನೈದೂ ಗೆದ್ದು, 2024ರ ಜನವರಿ 8ರಂದು ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಎರಡೂ ನಿಜ. ಯಾವುದನ್ನು ಮೊದಲು ಹೇಳುತ್ತಾರೆ ಅನ್ನುವುದರಲ್ಲೇ ಅವರು ಯಾವ ಕಡೆ ಎಂದು ಗೊತ್ತಾಗುತ್ತದೆ.

ಡೆಟ್ರಾಯಿಟ್ ಸುತ್ತಲಿನ ಆಫೀಸುಗಳಲ್ಲಿ ಇನ್ನೊಂದು ಬಣವಿದೆ: ಹಸಿರು ಬಣ್ಣದ ಮಿಷಿಗನ್ ಸ್ಟೇಟ್. ಅದು ಬೇರೆ ಯೂನಿವರ್ಸಿಟಿ, ಈಸ್ಟ್ ಲ್ಯಾನ್ಸಿಂಗ್‌ನಲ್ಲಿದೆ. ಎರಡನ್ನೂ ಒಂದೇ ಅಂದುಕೊಂಡು ಮಾತಾಡಬೇಡಿ, ಇಬ್ಬರಿಗೂ ಬೇಜಾರಾಗುತ್ತದೆ. ನಿಮ್ಮ ಮ್ಯಾನೇಜರ್ ಯಾವ ಬಣ ಎಂದು ಮೊದಲೇ ತಿಳಿದುಕೊಳ್ಳಿ.

ಈ ಎಲ್ಲ ಪೈಪೋಟಿಗಳಲ್ಲಿ ನನಗೆ ಇಷ್ಟವಾದದ್ದು ಮಾತ್ರ ಮಿನೆಸೋಟಾದ ಜೊತೆಗಿನ ಹೂಜಿಯ ಕಥೆ. 1903ರಲ್ಲಿ ಇಲ್ಲಿನ ಕೋಚ್ ಫೀಲ್ಡಿಂಗ್ ಯೋಸ್ಟ್ ತಂಡ ಕರೆದುಕೊಂಡು ಮಿನಿಯಾಪೊಲಿಸ್‌ಗೆ ಹೋದರು. ಅಲ್ಲಿನವರು ಕೊಡುವ ನೀರಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವಂತೆ. ಒಬ್ಬನನ್ನು ಅಂಗಡಿಗೆ ಕಳಿಸಿ 30 ಸೆಂಟ್‌ಗೆ ಒಂದು ಹೂಜಿ ತರಿಸಿದರು. ಆಟ 6–6ರಲ್ಲಿ ಸಮವಾಯಿತು. ಮಿನೆಸೋಟಾದ ಜನ ಸಂಭ್ರಮದಲ್ಲಿ ಮೈದಾನಕ್ಕೆ ನುಗ್ಗಿದರು, ಗಡಿಬಿಡಿಯಲ್ಲಿ ಹೂಜಿ ಅಲ್ಲೇ ಉಳಿಯಿತು. ವಾಪಸ್ ಕೇಳಿದಾಗ ಬಂದ ಉತ್ತರ: ಬೇಕಿದ್ದರೆ ಬಂದು ಗೆದ್ದುಕೊಂಡು ಹೋಗಿ. ಆವತ್ತಿನಿಂದ ಅದೇ ಹೂಜಿ ಎರಡು ತಂಡಗಳ ನಡುವಿನ ಬಹುಮಾನ. ಅಂಕಗಳನ್ನು ಅದರ ಮೈಮೇಲೆ ಬರೆಯುತ್ತಾರೆ. ಬೆಳ್ಳಿ ಕಪ್ಪುಗಳಿಗಿಲ್ಲದ ಮರ್ಯಾದೆ ಅದಕ್ಕೆ ಸಿಕ್ಕಿದೆ.

ಆದರೆ ಫುಟ್‌ಬಾಲ್‌ಗೇ ನಿಲ್ಲಬೇಡಿ, ಇದು ನನ್ನ ಮುಖ್ಯ ಮಾತು. ಅಲ್ಲಿ ದೂರದ ಸೀಟಿನಿಂದ ಆಟಗಾರರು ಇರುವೆಗಳಂತೆ ಕಾಣುತ್ತಾರೆ, ಟಿಕೆಟ್ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಬೇಸ್‌ಬಾಲ್ ತರಹದ ಸಾಫ್ಟ್‌ಬಾಲ್‌ಗೆ ಹೋಗಿ. ಇಲ್ಲಿನ ಹುಡುಗಿಯರು 2005ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ, ಮಿಸಿಸಿಪಿ ನದಿಯ ಪೂರ್ವದಿಂದ ಗೆದ್ದ ಮೊದಲ ತಂಡ ಅದು. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಆಟವೂ ಬೇಗ ಅರ್ಥವಾಗುತ್ತದೆ. ಮಗಳಿದ್ದರೆ ಚಳಿಗಾಲದಲ್ಲಿ ಕ್ರಿಸ್ಲರ್ ಸೆಂಟರ್‌ನ ಮಹಿಳಾ ಜಿಮ್ನಾಸ್ಟಿಕ್ಸ್‌ಗೆ ಕರೆದುಕೊಂಡು ಹೋಗಿ, 2021ರ ಚಾಂಪಿಯನ್ ತಂಡ ಅದು. ಯೋಸ್ಟ್ ಅರೀನಾದ ಐಸ್ ಹಾಕಿಯ ಮಜಾ ಬೇರೆಯೇ: 1923ರ ಕಟ್ಟಡ, ಕಿವಿ ಗುಂಯ್ ಅನ್ನುವ ಗಲಾಟೆ, ಒಂಬತ್ತು ರಾಷ್ಟ್ರೀಯ ಪ್ರಶಸ್ತಿ. ಆದರೆ ಅಲ್ಲಿನ ವಿದ್ಯಾರ್ಥಿಗಳ ಘೋಷಣೆಗಳು ಅಷ್ಟೇನೂ ಸಭ್ಯವಲ್ಲ. ಮಕ್ಕಳು ಅರ್ಥ ಕೇಳಿದರೆ ಏನು ಹೇಳುತ್ತೀರಿ, ಯೋಚಿಸಿಕೊಂಡೇ ಹೋಗಿ.

ನಡೆದಾಡುವಾಗ ಯೂನಿವರ್ಸಿಟಿಯ ಹಳೆಯ ಮೈದಾನ ಫೆರಿ ಫೀಲ್ಡ್ ಕಡೆಗೂ ಒಮ್ಮೆ ಹೋಗಿ. 1935ರ ಮೇ 25ರಂದು ಓಟಗಾರ ಜೆಸ್ಸಿ ಓವೆನ್ಸ್ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆ ಮುರಿದು, ಇನ್ನೊಂದನ್ನು ಸರಿಗಟ್ಟಿದ್ದು ಅಲ್ಲೇ. ಅವರು ಓದುತ್ತಿದ್ದದ್ದು ಒಹಾಯೊ ಸ್ಟೇಟ್‌ನಲ್ಲಿ. ಹಾಗಿದ್ದರೂ ಅದರ ನೆನಪಿಗೆ ಇಲ್ಲಿ ಫಲಕ ಇದೆ.

ಕನ್ನಡ ಕೂಟದ ಕೆಲಸಕ್ಕೆ ಸೇರುವವರಿಗೆ ಕೊನೆಯದಾಗಿ ಒಂದು ಮಾತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಾಲ್ ಬುಕ್ ಮಾಡುವ ಮುಂಚೆ ಆ ಶನಿವಾರ ಯಾರ ಜೊತೆ ಮ್ಯಾಚ್ ಎಂದು ನೋಡಿ. ಒಹಾಯೊ ಇದ್ದರೆ ಭಾನುವಾರಕ್ಕೆ ಹಾಕಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳೇ ನಾಟಕದ ಪಾತ್ರಧಾರಿಗಳು, ಶನಿವಾರವಾದರೆ ಗ್ರೀನ್‌ರೂಮಿನಲ್ಲಿ ಬಣ್ಣ ಹಚ್ಚಿಕೊಂಡೇ ಫೋನ್ ನೋಡುತ್ತಾ ಕೂತಿರುತ್ತಾರೆ.